ಎಲ್ರೂ ಮುಗುಳ್ನಕ್ಕರೆ ಯಾರು ಏನು ಅಂತ ಗೊತ್ತಾಗಲ್ಲ

ನಮಸ್ಕಾರ. ನೀವು ಕಳ್ಸಿದ ‘ಅಡ್ವಾನ್ಸು’ ಕತೆ ಓದ್ದೆ. ಮನೆ ಖಾಲಿ ಮಾಡಿದ ಸರೋಜ ಓನರ್ ಹತ್ರ ಅಡ್ವಾನ್ಸ್ ವಾಪಸ್ ಕೇಳೋಕೆ ಹೋಗೋದು, ಅವರು ಪೇಂಟಿಂಗು, ನಲ್ಲಿ ರಿಪೇರಿ, ಗೋಡೆಗೆ ಹೊಡೆದ ಮೊಳೆ ಅಂತ ಒಂದೊಂದಕ್ಕೂ ದುಡ್ಡು ಮುರ್ಕೊಳ್ತಾ ಹೋಗೋದು, ಇದು ಬಾಡಿಗೆ ಮನೇಲಿ ಇದ್ದೋರಿಗೆಲ್ಲ ಗೊತ್ತಿರೋ ಸಂಕಟ, ಮಾತುಕತೆಯಂತೂ ತುಂಬಾ ಸಹಜವಾಗಿದೆ. ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ. ಆರು ಪುಟದಲ್ಲಿ 14 ಸಲ ಮುಗುಳ್ನಗೆ ಬಂದಿದೆ. ಗೇಟ್ ಹತ್ರ ಸರೋಜ ಮುಗುಳ್ನಗ್ತಾಳೆ, ಬಾಗಿಲು ತೆಗ್ದ ಓನರ್ ಮುಗುಳ್ನಗ್ತಾರೆ, ದುಡ್ಡು ಮುರ್ಕೊಳ್ಳುವಾಗ್ಲೂ ಅದೇ, ಅವಳು ಉಳಿದ ನೋಟು ಎಣಿಸುವಾಗ್ಲೂ ಅದೇ.

ಈ ನಗುಗಳು ಒಂದೇ ಅಲ್ಲ ಅಂತ ನಿಮಗೂ ಗೊತ್ತು, ಸನ್ನಿವೇಶ ಕಟ್ಟಿರೋ ರೀತಿಲೇ ಅದು ಕಾಣುತ್ತೆ. ಗೇಟ್ ಹತ್ರ ಅವಳದ್ದು ಸಂಕೋಚ, ಓನರದ್ದು ದೇಶಾವರಿ ನಗೆ, ನೋಟು ಎಣಿಸುವಾಗ ಅವಳದ್ದು ಪೆಚ್ಚುನಗೆ. ಹಿಂದೆ ನಿಂತಿರೋ ಓನರ್ ಹೆಂಡ್ತಿ ನಗೋದೇ ಬೇಡ, ಅವರು ಮೂತಿ ತಿರುವಿ ಒಳಗೆ ಹೋದ್ರೆ ಸಾಕು. ಮೂರನೇ ಪುಟದಲ್ಲಿ ಓನರ್ ‘ಹಲ್ಲೆಲ್ಲ ಕಾಣುವಂತೆ ಮುಗುಳ್ನಕ್ಕರು’ ಅಂತ ಬರ್ದಿದ್ದೀರಿ. ಮುಗುಳು ಅಂದ್ರೆ ಮೊಗ್ಗು ಅಲ್ವಾ, ಹಲ್ಲು ಕಂಡ್ಮೇಲೆ ಅದು ಮುಗುಳ್ನಗೆ ಹೇಗಾಗುತ್ತೆ? ಅಲ್ಲಿ ಅವರು ಹಲ್ಲು ಕಿರಿದ್ರು ಅಷ್ಟೆ, ಹಾಗೇ ಬರೀರಿ.

ನಾಟ್ಯಶಾಸ್ತ್ರದಲ್ಲಿ ನಗುವನ್ನ ಆರು ಥರ ಮಾಡಿದ್ದಾರೆ, ಸ್ಮಿತದಿಂದ ಅತಿಹಸಿತದವರೆಗೆ. ಸ್ಮಿತದಲ್ಲಿ ಹಲ್ಲು ಕಾಣಲ್ಲ, ಹಸಿತದಲ್ಲಿ ಸ್ವಲ್ಪ ಕಾಣುತ್ತೆ. ಮೊದಲ ಎರಡು ಉತ್ತಮರಿಗೆ, ನಡುವಿನ ಎರಡು ಮಧ್ಯಮರಿಗೆ, ಕೊನೆಯ ಎರಡು ಅಧಮರಿಗೆ ಅಂತ ಹಂಚಿದ್ದಾರೆ. ಆ ಮೇಲು ಕೀಳಿನ ಲೆಕ್ಕ ನಾನು ಒಪ್ಪಲ್ಲ, ಆದ್ರೆ ಯಾರು ಹೇಗೆ ನಗ್ತಾರೆ ಅನ್ನೋದ್ರಲ್ಲೇ ಅವರು ಎಂಥವರು ಅಂತ ತೋರಿಸ್ಬೋದು ಅನ್ನೋದನ್ನ ಅಷ್ಟು ಹಿಂದೇನೇ ಕಂಡ್ಕೊಂಡಿದ್ರಲ್ಲ, ಅದು ನಿಮ್ಮ ಕತೆಗೂ ಬೇಕು.

ಓನರ್ ನಗು ಸುಳ್ಳು ಅಂತ ತೋರಿಸೋದು ಹೇಗೆ ಅಂದ್ರೆ, ಡ್ಯುಶೆನ್ ಅನ್ನೋ ಫ್ರೆಂಚ್ ವೈದ್ಯ ಮುಖದ ಸ್ನಾಯುಗಳಿಗೆ ಕರೆಂಟ್ ಕೊಟ್ಟು ನೋಡಿ 1862ರಲ್ಲಿ ಬರೆದ, ತುಟಿ ಎಳೆಯೋ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತೆ, ಆದ್ರೆ ಖುಷಿಯಾದಾಗ ಕಣ್ಣಿನ ಸುತ್ತ ಬಿಗಿಯಾಗೋ ಸ್ನಾಯು ಅಷ್ಟು ಸುಲಭಕ್ಕೆ ಮಾತು ಕೇಳಲ್ಲ ಅಂತ. ಹಾಗಂತ ‘ನಗು ಅವರ ಕಣ್ಣನ್ನು ತಲುಪಲಿಲ್ಲ’ ಅಂತ ಮಾತ್ರ ಬರೀಬೇಡಿ, ಅದು ಇಂಗ್ಲಿಷ್ ಕಾದಂಬರಿಗಳಲ್ಲಿ ಸವೆದು ಹೋದ ವಾಕ್ಯ. ಅವರ ಕಣ್ಣು ಎಲ್ಲಿತ್ತು ಅಂತ ಹೇಳಿ. ಉದಾಹರಣೆಗೆ:

‘ಕೂತ್ಕೊಳಮ್ಮ’ ಅಂದರು, ಮುಖದ ಮೇಲಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ಅವಳ ಕೈಲಿದ್ದ ಅಗ್ರಿಮೆಂಟ್ ಕಾಪಿ ಮೇಲಿತ್ತು.

ಇಷ್ಟಿದ್ರೆ ಓದೋರಿಗೆ ಗೊತ್ತಾಗುತ್ತೆ, ‘ಕಪಟದಿಂದ’ ಅಂತ ನೀವು ಪಕ್ಕದಲ್ಲಿ ಸೇರಿಸೋದೂ ಬೇಕಾಗಲ್ಲ.

ಇನ್ನೊಂದು ಮಾತು, ಇದನ್ನ ಓದಿ ನಿಘಂಟು ತೆಗ್ದು 14 ಕಡೆ 14 ಬೇರೆ ಪದ ಹಾಕ್ಬೇಡಿ ದಯವಿಟ್ಟು, ಅದು ಇದಕ್ಕಿಂತ ಕಷ್ಟ. ಮಂದಹಾಸ ದೇವರ ವಿಗ್ರಹಕ್ಕೆ ಒಪ್ಪುತ್ತೆ, ಅಟ್ಟಹಾಸ ಯಕ್ಷಗಾನದ ರಾಕ್ಷಸ ವೇಷಕ್ಕೆ, ಎರಡನೇ ಮಹಡಿ ಬಾಡಿಗೆ ಮನೇಲಿ ಎರಡೂ ಕೂರಲ್ಲ. ನಿಮ್ಮ ಕತೇಲಿ ಹೆಚ್ಚಿನ ಕಡೆ ನಗೂನೇ ಬೇಡ, ‘ಬನ್ನಿ ಬನ್ನಿ’ ಎಂದು ಮುಗುಳ್ನಕ್ಕರು ಅನ್ನೋ ಕಡೆ ‘ಅಂದರು’ ಸಾಕು. ಐದನೇ ಪುಟದಲ್ಲಿ ಹೂವಿನ ಅಜ್ಜಿ ‘ದುಡ್ಡು ನಾಳೆ ಕೊಡುವಂತೆ’ ಅಂತ ಒಂದು ಮೊಳ ಮಲ್ಲಿಗೆ ಜಾಸ್ತಿ ಅಳೆದು ಕೊಡೋ ಜಾಗ ಇದೆಯಲ್ಲ, ಸರೋಜಂಗೆ ನಿಜವಾಗಿ ಮುಗುಳ್ನಗೆ ಬರೋದು ಅಲ್ಲಿ, ಅದನ್ನ ಉಳಿಸ್ಕೊಳ್ಳಿ. ಮಿಕ್ಕ 13 ಕಡೆ ಅಳಿಸಿಬಿಟ್ಟು ಒಂದ್ಸಲ ಗಟ್ಟಿಯಾಗಿ ಓದಿ ನೋಡಿ, ಎಲ್ಲಿ ಕೊರತೆ ಅನ್ಸುತ್ತೋ ಅಲ್ಲಿ ಮಾತ್ರ ಮುಖದಲ್ಲಿ ಏನಾಯ್ತು ಅಂತ ಬರೀರಿ, ಹುಬ್ಬು ಗಂಟಿಕ್ಕಿದ್ದೋ ಮುಖ ಸಪ್ಪಗಾದದ್ದೋ.

ಮಾತುಕತೆ ಒಂದಕ್ಷರಾನೂ ಮುಟ್ಟಬೇಡಿ. ತಿದ್ದಿದ ಮೇಲೆ ನನಗೇ ಕಳ್ಸಿ, ಖಂಡಿತ ಮತ್ತೆ ಓದ್ತೀನಿ.