ಹೊರದೇಶದಲ್ಲಿ ಸಮುದಾಯ ಅಭಿವೃದ್ಧಿಯ ಕೆಲಸ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಯುತ್ತಾ ಬಂದಿದೆ, ಆಫ್ರಿಕಾ ಕಡೆ ಗ್ರಾಮಾಭಿವೃದ್ಧಿ ಕೆಲಸಕ್ಕೆ ಹೋಗುವ ಆಸೆ, ಇಂಗ್ಲಿಷ್ ಅಷ್ಟಕ್ಕಷ್ಟೇ, ಸಾಲ ಮಾಡಿ ವಿದೇಶದಲ್ಲಿ ಇನ್ನೊಂದು ಡಿಗ್ರಿ ಮಾಡಬೇಕಾ ಅಂತ ಕೇಳಿದ್ದೀರಿ.

ಸಾಲ ಮಾಡಬೇಡಿ. ಮೊದಲು ಮೂರ್ನಾಲ್ಕು ವರ್ಷ ನಿಮ್ಮ ಭಾಷೆ ಆಡುವ ಯಾವುದಾದರೂ ತಾಲ್ಲೂಕಿನಲ್ಲಿ ಧೂಳು ಕುಡಿಯಿರಿ. ನಾನು ಲಿಂಗಸೂಗೂರು ಕಡೆ ಐದು ವರ್ಷ ಮಹಿಳಾ ಸಂಘಗಳ ಕೆಲಸ ಮಾಡಿ, ಆಮೇಲೆ ಎರಡು ವರ್ಷ ಆಫ್ರಿಕಾದ ಮಲಾವಿಯಲ್ಲಿದ್ದೆ. ಸಂಘ ಕಟ್ಟೋಕೆ ಅಲ್ಲಿ ಅಲ್ಲಿನವರೇ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಬೇಕಾಗಿದ್ದದ್ದು ಅಲ್ಲಿನ ಕಾರ್ಯಕರ್ತರ ಜೊತೆ ಹಳ್ಳಿಗೆ ಹೋಗಿ, ಮೂಲೆಯಲ್ಲಿ ಕೂತು, ಸಭೆ ಎಲ್ಲಿ ದಾರಿ ತಪ್ಪಿತು ಅಂತ ಸಂಜೆ ಕೂತು ಮಾತಾಡುವವರು. ತನ್ನ ಭಾಷೆಯಲ್ಲೇ ಒಂದು ಸಾಲದ ಜಗಳ ಬಿಡಿಸಿ ಗೊತ್ತಿಲ್ಲದವನು ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ಏನು ಕಲಿಸಿಯಾನು?

ಹಾಗಂತ ನಾನು ಹೋದ ತಕ್ಷಣ ಸರಿಯಾಗಿ ಕಲಿಸಿದೆ ಅಂದುಕೊಳ್ಳಬೇಡಿ.

ಅಲ್ಲಿನ ಉಳಿತಾಯ ಗುಂಪಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತೆ, ಅದಕ್ಕೆ ಮೂರು ಬೀಗ. ಮೂರು ಕೀಲಿ ಮೂರು ಮನೆಯಲ್ಲಿ, ಪೆಟ್ಟಿಗೆ ನಾಲ್ಕನೆಯ ಮನೆಯಲ್ಲಿ. ಎಲ್ಲರೂ ಬಂದು ಕೂತ ಮೇಲೇ ತೆರೆಯೋದು. ಪ್ರತಿಯೊಬ್ಬರೂ ಸಭೆಗೆ ಒಂದರಿಂದ ಐದು ಪಾಲು ಕೊಳ್ಳಬಹುದು, ಕೊಂಡ ಪ್ರತಿ ಪಾಲಿಗೆ ಪಾಸ್‌ಬುಕ್ಕಿನಲ್ಲಿ ಒಂದು ಮುದ್ರೆ. ಓದು ಬರದಿದ್ದರೂ ಮುದ್ರೆ ಎಣಿಸಬಹುದು. ಈ ಪದ್ಧತಿ ಹುಟ್ಟಿದ್ದು 1991ರಲ್ಲಿ ನೈಜರ್ ದೇಶದ ಮರಾಡಿ ಎಂಬಲ್ಲಿ, ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯ ಕೆಲಸದಿಂದ. ಗುಂಪಿನ ವರ್ಷ ಮುಗಿದಾಗ ಪೆಟ್ಟಿಗೆ ಬರಿದು ಮಾಡಿ, ಬಡ್ಡಿ ಸಮೇತ ಎಲ್ಲವನ್ನೂ ಹಂಚಿಕೊಂಡು ಬಿಡ್ತಾರೆ.

ನನಗೆ ಎದೆ ಧಸಕ್ಕೆಂದಿತು. ನಾವು ಕಲಿತದ್ದೇ ಬೇರೆ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 80ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಿದ ಗುಂಪುಗಳು, 1992ರಲ್ಲಿ ನಬಾರ್ಡ್ (ಕೃಷಿ, ಗ್ರಾಮಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) 500 ಸಂಘಗಳೊಂದಿಗೆ ಶುರು ಮಾಡಿದ ಬ್ಯಾಂಕ್ ಜೋಡಣೆ, ಇದೆಲ್ಲದರ ಮೊದಲ ಪಾಠವೇ ಗಂಟು ಒಡೆಯಬಾರದು, ಅದನ್ನು ತೋರಿಸಿ ಬ್ಯಾಂಕಿನಿಂದ ಸಾಲ ತರಬೇಕು ಅನ್ನೋದು. ಅದನ್ನೇ ಅರ್ಧ ಗಂಟೆ ಹೇಳಿದೆ. ಕೀಲಿ ಹಿಡಿದಿದ್ದ ಒಬ್ಬ ಹಿರಿಯ ಹೆಂಗಸು ಒಂದೇ ಪ್ರಶ್ನೆ ಕೇಳಿದಳು: ಆ ಬ್ಯಾಂಕ್ ಯಾವ ಊರಲ್ಲಿದೆ? ಜಿಲ್ಲಾ ಕೇಂದ್ರದಲ್ಲಿತ್ತು. ಹೋಗಿ ಬರುವ ಬಾಡಿಗೆಗೇ ಅವಳ ಒಂದು ತಿಂಗಳ ಪಾಲಿನ ದುಡ್ಡು ಬೇಕು. ಅಲ್ಲಿ ಮಳೆ ಹಿಡಿಯೋದು ನವೆಂಬರ್ ಹೊತ್ತಿಗೆ. ಅದಕ್ಕೆ ಸ್ವಲ್ಪ ಮುಂಚೆ ಪೆಟ್ಟಿಗೆ ಒಡೆದರೆ ಮೆಕ್ಕೆಜೋಳದ ಬೀಜಕ್ಕೆ, ಗೊಬ್ಬರಕ್ಕೆ ಕೈಯಲ್ಲಿ ಕಾಸು ಇರುತ್ತೆ. ಅವರ ಲೆಕ್ಕ ಸರಿಯಿತ್ತು.

ಇನ್ನೊಂದು ತಪ್ಪು ಇವತ್ತಿಗೂ ಚುಚ್ಚುತ್ತೆ. ಊರಿನ ನಕ್ಷೆಯನ್ನು ಊರವರ ಕೈಯಲ್ಲೇ ನೆಲದ ಮೇಲೆ ಬಿಡಿಸುವ ಅಭ್ಯಾಸ ನಿಮಗೂ ಗ್ರಾಮೀಣ ಶಿಬಿರದಲ್ಲಿ ಆಗಿರುತ್ತೆ. ನಾವು ರಂಗೋಲಿ ಪುಡಿ ಬಳಸ್ತೀವಿ. ಅಲ್ಲಿ ರಂಗೋಲಿ ಎಲ್ಲಿಂದ ಬರಬೇಕು, ಸ್ವಲ್ಪ 'ಉಫಾ' ಕೊಡಿ ಅಂದೆ. ಉಫಾ ಅಂದರೆ ಹಿಟ್ಟು. ಜನವರಿ ತಿಂಗಳು, ಹಳೆ ಕಾಳು ಮುಗಿದು ಹೊಸ ಬೆಳೆ ಇನ್ನೂ ಹಸಿರಾಗಿರುವ ಹೊತ್ತು, ಒಂದೇ ಊಟ ಮಾಡುವ ಮನೆಗಳಿದ್ದವು. ಯಾರೂ ಏನೂ ಅನ್ನಲಿಲ್ಲ. ಜೊತೆಗಿದ್ದ ಕಾರ್ಯಕರ್ತೆ ಸುಮ್ಮನೆ ಎದ್ದು ಹೋಗಿ, ಮುರುಕು ತಟ್ಟೆಯಲ್ಲಿ ಒಲೆಯ ಬೂದಿ ತಂದಿಟ್ಟಳು. ನಕ್ಷೆ ಚೆನ್ನಾಗೇ ಬಂತು.

ಇನ್ನು ದಾರಿಗಳು. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ (ಯು.ಎನ್.ವಿ., ಕಚೇರಿ ಜರ್ಮನಿಯ ಬಾನ್‌ನಲ್ಲಿ) ನಮ್ಮಂಥವರಿಗೆ ತೆರೆದಿರುವ ಬಾಗಿಲು. 18ರಿಂದ 26 ವರ್ಷದವರಿಗೆ ಯುವ ಸ್ವಯಂಸೇವಕ ಹುದ್ದೆ. 27 ಆಗಿ, ಕನಿಷ್ಠ 3 ವರ್ಷ ಅನುಭವ ಇದ್ದರೆ ಪರಿಣತರ ಹುದ್ದೆ. ಕೊಡೋದು ಜೀವನಭತ್ಯೆ, ಸಂಬಳ ಅಂತ ಕರೆಯಲ್ಲ. ನೋಂದಣಿಯಿಂದ ಸಂದರ್ಶನದವರೆಗೆ ಒಂದು ರೂಪಾಯಿ ಕೇಳಲ್ಲ. ನನ್ನ ಗೆಳೆಯನೊಬ್ಬ ಬೆಂಗಳೂರಿನ ಏಜೆಂಟ್ ಒಬ್ಬನಿಗೆ 'ಪ್ರೊಸೆಸಿಂಗ್' ಅಂತ 40 ಸಾವಿರ ಕೊಟ್ಟು ಕೂತಿದ್ದಾನೆ. ಸ್ವಯಂಸೇವಕರನ್ನು ಹೊರದೇಶಕ್ಕೆ ಕಳಿಸುವ ಪೀಸ್ ಕೋರ್ ಹೆಸರು ಎಲ್ಲೆಡೆ ಕೇಳಿಬರುತ್ತೆ, ಅದು ಅಮೆರಿಕದ ನಾಗರಿಕರಿಗೆ ಮಾತ್ರ. ಓದಲೇಬೇಕು ಅಂತಿದ್ದರೆ ಗುಜರಾತಿನ ಆನಂದ್ ಪಟ್ಟಣದಲ್ಲಿರುವ ಗ್ರಾಮೀಣ ನಿರ್ವಹಣೆಯ ಸಂಸ್ಥೆ ಇರ್ಮಾ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನೋಡಿ. ಕೆಲಸ ಮಾಡುತ್ತಲೇ ಕಲಿಯೋದಾದರೆ ಗ್ರಾಮಾಭಿವೃದ್ಧಿಯ ಪ್ರದಾನ್ ಸಂಸ್ಥೆಯ ಅಪ್ರೆಂಟಿಸ್‌ಶಿಪ್ ಇದೆ, ಎಸ್‌ಬಿಐನ 13 ತಿಂಗಳ ಯೂತ್ ಫಾರ್ ಇಂಡಿಯಾ ಫೆಲೋಶಿಪ್ ಇದೆ.

ಒಂದು ಕಹಿ ಮಾತು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಕಾರ್ಯಕ್ರಮಗಳಲ್ಲಿ ಶೇ. 83ರಷ್ಟನ್ನು ರದ್ದು ಮಾಡಿದೆವು ಅಂತ ಘೋಷಿಸಿತು, ಜುಲೈ 1ಕ್ಕೆ ಆ ಸಂಸ್ಥೆಯೇ ಬಾಗಿಲು ಹಾಕಿತು. ಬ್ರಿಟನ್ನೂ ನೆರವು ಕಡಿತ ಮಾಡುತ್ತಿದೆ. ಹತ್ತಾರು ವರ್ಷ ಅನುಭವ ಇರುವವರೇ ಈಗ ನಿಮ್ಮ ಜೊತೆ ಅರ್ಜಿ ಹಾಕುತ್ತಿದ್ದಾರೆ. ವಿದೇಶಿ ಡಿಗ್ರಿಗೆ ಸಾಲ ಬೇಡ ಅಂದದ್ದು ಇದಕ್ಕೂ ಸೇರಿಸಿ.

ಇಂಗ್ಲಿಷ್ ಬಗ್ಗೆ ಅಷ್ಟು ಹೆದರಬೇಡಿ. ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು, ನೀವು ಕಟ್ಟಿದ ಸಂಘ ಒಂದು ಒಡೆದದ್ದರ ಬಗ್ಗೆ ಹೇಳಿ ಅಂತ. ಹದಿನೆಂಟು ಜನರ ಸಂಘ, ಅಧ್ಯಕ್ಷೆಯ ಮೈದುನ ತನ್ನ ಹೆಂಡತಿಯ ಹೆಸರಲ್ಲಿ ಸಾಲ ಎತ್ತಿದ್ದ, ನಾನು ಮೂರು ತಿಂಗಳು ಠರಾವು ಪುಸ್ತಕ ತೆರೆದೇ ನೋಡಿರಲಿಲ್ಲ. ಹರಕು ಮುರುಕು ಇಂಗ್ಲಿಷಿನಲ್ಲಿ ಅಷ್ಟನ್ನೂ ತಾರೀಖು ಸಮೇತ ಹೇಳಿದೆ, ಯಾರೂ ನಡುವೆ ತಡೆಯಲಿಲ್ಲ. ತಾರೀಖು ನೆನಪಿದ್ದದ್ದು ಡೈರಿ ಬರೆದಿಟ್ಟಿದ್ದರಿಂದ. ನೀವೂ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯಕ್ಕೆ ಹೋಗಿ ಬರೆದ ವರದಿಗಳು ಇರುತ್ತವಲ್ಲ, ಅಂಕ ಬಂದ ಮೇಲೆ ಅವನ್ನು ರದ್ದಿಗೆ ಹಾಕಬೇಡಿ.