ಲೂಕಾನನ್ನು ಕಳಿಸಿದ ಮೇಲೆ ಡಲ್ಲಾಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಬಗ್ಗೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡಲ್ಲಾಸ್ ಮಾವೆರಿಕ್ಸ್ ತಂಡ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲಿಸ್ ಲೇಕರ್ಸ್‌ಗೆ ಕೊಟ್ಟಿದ್ದು, ಆಮೇಲೆ ಆ ಸೀಸನ್ ಏನಾಯ್ತು ಅನ್ನೋದು. ಹೀಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳೋದಕ್ಕೆ ಟ್ರೇಡ್ ಅಂತಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾನು ಎನ್‌ಬಿಎ ನೋಡೋಕೆ ಶುರು ಮಾಡಿ ಜಾಸ್ತಿ ದಿನ ಆಗಿಲ್ಲ. ಡಲ್ಲಾಸ್ ಏನು ಕೊಟ್ಟಿತು, ಏನು ತೆಗೆದುಕೊಂಡಿತು? ಯಾಕೆ ಇಷ್ಟು ಗಲಾಟೆ?

ಕೊಟ್ಟಿದ್ದು ಲೂಕಾ, ಮ್ಯಾಕ್ಸಿ ಕ್ಲೀಬರ್, ಮಾರ್ಕೀಫ್ ಮಾರಿಸ್. ಸಿಕ್ಕಿದ್ದು ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಅನ್ನೋ ಹುಡುಗ, ಮತ್ತೆ ಲೇಕರ್ಸ್‌ನ 2029ರ ಮೊದಲ ಸುತ್ತಿನ ಒಂದು ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ). ಯೂಟಾ ತಂಡವೂ ಮಧ್ಯೆ ಇತ್ತು, ಅದು ಸಣ್ಣ ಪಾತ್ರ.

ಗಲಾಟೆ ಯಾಕೆ ಅಂದ್ರೆ, ಆಗ ಲೂಕಾಗೆ ಬರೀ 25 ವರ್ಷ. ಅದಕ್ಕೆ ಎಂಟು ತಿಂಗಳ ಹಿಂದೆಯಷ್ಟೇ ಇದೇ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋಗಿದ್ದ. 2023-24ರಲ್ಲಿ ಪಂದ್ಯಕ್ಕೆ ಸರಾಸರಿ 33.9 ಪಾಯಿಂಟ್ ಹೊಡೆದು ಇಡೀ ಲೀಗ್‌ನಲ್ಲೇ ಮೊದಲು ಬಂದಿದ್ದ. ಸತತ ಐದು ವರ್ಷ ಎನ್‌ಬಿಎಯ ವರ್ಷದ ಮೊದಲ ತಂಡದಲ್ಲಿ (ಅತ್ಯುತ್ತಮ ಐವರ ಪಟ್ಟಿ) ಹೆಸರಿತ್ತು. ಡೇವಿಸ್‌ಗೆ ಆಗ 31, ಮುಂದಿನ ತಿಂಗಳು 32 ತುಂಬೋದರಲ್ಲಿತ್ತು. ಇಂಥ ವಯಸ್ಸಲ್ಲಿ, ಇಂಥ ಆಟಗಾರನನ್ನು, ಅವನು ಹೋಗ್ತೀನಿ ಅಂತ ಕೇಳದೇ ಇದ್ದರೂ ತಂಡವೇ ಕಳಿಸಿದ ಉದಾಹರಣೆ ಹುಡುಕಿದರೂ ಸಿಗೋದು ಕಷ್ಟ. ಅಮೆರಿಕದಲ್ಲಿ ಶನಿವಾರ ತಡರಾತ್ರಿ ಸುದ್ದಿ ಹೊರಬಿದ್ದಾಗ, ಅದನ್ನು ಬರೆದ ವರದಿಗಾರನ ಖಾತೆಯನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಜನ ಅಂದುಕೊಂಡರು.

ಇನ್ನೊಂದು ಲೆಕ್ಕ ನೋಡಿ. 2024ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡ ಮಿಕಾಲ್ ಬ್ರಿಡ್ಜಸ್‌ಗೋಸ್ಕರ ಐದು ಮೊದಲ ಸುತ್ತಿನ ಪಿಕ್ ಕೊಟ್ಟಿತ್ತು. ಬ್ರಿಡ್ಜಸ್ ಒಳ್ಳೆ ಆಟಗಾರ, ಆದರೆ ಅಲ್ಲಿಯವರೆಗೆ ಒಂದು ಸಲವೂ ಆಲ್‌ಸ್ಟಾರ್ ಆದವನಲ್ಲ. ಡಲ್ಲಾಸ್ ಲೂಕಾನನ್ನು ಕೊಟ್ಟು ಒಂದೇ ಒಂದು ಪಿಕ್ ತೆಗೆದುಕೊಂಡಿತು. ಬೇರೆ ತಂಡಗಳ ಹತ್ತಿರ ಬೆಲೆ ಕೇಳಲೇ ಇಲ್ಲ, ಎಲ್ಲ ಗುಟ್ಟಾಗಿ ಲೇಕರ್ಸ್ ಜೊತೆಗೇ ಮುಗಿಸಿದರು. ನನಗೆ ಇವತ್ತಿಗೂ ಅರಗದ ವಿಷಯ ಇದೇ.

ಪ್ರಶ್ನೆ: ಎಲ್ಲರೂ ಈ ಟ್ರೇಡ್ ಮಾಡಿದ ಡಲ್ಲಾಸ್ ತಂಡದ ಜನರಲ್ ಮ್ಯಾನೇಜರ್‌ನ ಬೈತಾರೆ. ಆದರೆ ಡೇವಿಸ್‌ಗೂ ಡಲ್ಲಾಸ್‌ನ ಇನ್ನೊಬ್ಬ ದೊಡ್ಡ ಆಟಗಾರ ಅರ್ವಿಂಗ್‌ಗೂ ಗಾಯ ಆಗದೇ ಇದ್ದಿದ್ದರೆ ಟ್ರೇಡ್ ಸರಿ ಅನ್ನಿಸ್ತಿತ್ತು ಅಲ್ವಾ?

ಈ ಪ್ರಶ್ನೆ ತುಂಬಾ ಜನ ಕೇಳಿದ್ದೀರಿ. ಸ್ವಲ್ಪ ಉದ್ದ ಉತ್ತರ ಕೊಡ್ತೀನಿ.

ಮೊದಲು ಆಗಿದ್ದೇನು ಅಂತ ನೋಡೋಣ. ಫೆಬ್ರವರಿ 8ಕ್ಕೆ ಡೇವಿಸ್ ಹ್ಯೂಸ್ಟನ್ ವಿರುದ್ಧ ಮೊದಲ ಪಂದ್ಯ ಆಡಿದ. 26 ಪಾಯಿಂಟ್, 16 ರಿಬೌಂಡ್. ನೋಡಿದವರಿಗೆಲ್ಲ ಓಹೋ ಅನ್ನಿಸುವಂಥ ಆಟ. ಅದೇ ಪಂದ್ಯದ ಮೂರನೇ ಕ್ವಾರ್ಟರ್‌ನಲ್ಲಿ ತೊಡೆಸಂದಿಯ ಸ್ನಾಯು ಹಿಡಿದುಕೊಂಡು ಹೊರಗೆ ಹೋದವನು ಮತ್ತೆ ಬಂದಿದ್ದು ಮಾರ್ಚ್ ಕೊನೆಗೆ. ಮಾರ್ಚ್ 3ಕ್ಕೆ ಸ್ಯಾಕ್ರಮೆಂಟೊ ವಿರುದ್ಧ ಕೈರಿ ಅರ್ವಿಂಗ್‌ನ ಮಂಡಿಯ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿಯಿತು. ಅವನಿಗೆ ಫೌಲ್ ಆಗಿದ್ದರಿಂದ ಎರಡು ಫ್ರೀ ಥ್ರೋ ಬಾಕಿ ಇತ್ತು. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಗೆರೆವರೆಗೆ ಬಂದ. ಕಣ್ಣಲ್ಲಿ ನೀರು. ಎರಡನ್ನೂ ಹಾಕಿ ಆಮೇಲೆ ಒಳಗೆ ಹೋದ. ಆ ಸೀಸನ್‌ನಲ್ಲಿ ಅದಕ್ಕಿಂತ ಹೊಟ್ಟೆ ಹಿಂಡುವ ದೃಶ್ಯ ನಾನು ನೋಡಿಲ್ಲ.

ಸೆಂಟರ್‌ಗಳಾದ ಡೆರೆಕ್ ಲೈವ್ಲಿ, ಡೇನಿಯಲ್ ಗ್ಯಾಫರ್ಡ್ ಇಬ್ಬರೂ ಅದೇ ಹೊತ್ತಿಗೆ ಗಾಯದಿಂದ ಹೊರಗಿದ್ದರು. ಪಂದ್ಯಕ್ಕೆ ಕನಿಷ್ಠ ಎಂಟು ಜನ ಬೇಕು ಅನ್ನೋ ನಿಯಮ ಇದೆ. ಆ ಎಂಟು ಜನರನ್ನು ಹೊಂದಿಸೋಕೂ ಪರದಾಡುವ ಸ್ಥಿತಿ ಬಂತು. ಹೊಸಬನನ್ನು ತೆಗೆದುಕೊಳ್ಳೋಣ ಅಂದ್ರೆ ಸಂಬಳದ ಮಿತಿ ಅಡ್ಡ. ಕ್ಲೇ ಥಾಂಪ್ಸನ್‌ನನ್ನು ಕರೆತಂದ ರೀತಿಯಿಂದಾಗಿ ಆ ವರ್ಷ ಅವರು ಒಟ್ಟು ಸಂಬಳದ ಒಂದು ಗೆರೆ ದಾಟುವ ಹಾಗೇ ಇರಲಿಲ್ಲ, ಆ ಗೆರೆಗೆ ಮೂಗು ತಾಗಿಸಿಕೊಂಡೇ ನಿಂತಿದ್ದರು. ಟ್ರೇಡ್ ಆದಾಗ ಸೋಲಿಗಿಂತ ಗೆಲುವೇ ಜಾಸ್ತಿ ಇದ್ದ ತಂಡ 39 ಗೆಲುವು, 43 ಸೋಲಿಗೆ ಸೀಸನ್ ಮುಗಿಸಿತು.

ಈಗ ನಿಮ್ಮ ಪ್ರಶ್ನೆ. ಗಾಯ ದುರದೃಷ್ಟ, ಒಪ್ಪಿದೆ. ಆದರೆ ಡೇವಿಸ್‌ಗೆ ಆಗಾಗ ಗಾಯ ಆಗುತ್ತೆ ಅನ್ನೋದು ಟ್ರೇಡ್ ಮಾಡಿದ ದಿನವೂ ಎಲ್ಲರಿಗೂ ಗೊತ್ತಿತ್ತು. ಲೈವ್ಲಿ ಕಾಲಿನ ಮೂಳೆಗೆ ಜನವರಿಯಲ್ಲೇ ಪೆಟ್ಟಾಗಿತ್ತು. ಅರ್ವಿಂಗ್‌ಗೂ 32. ಅಂದ್ರೆ ವಯಸ್ಸಾದವರ ಮೇಲೆ, ಎರಡು ಮೂರು ವರ್ಷದಲ್ಲೇ ಗೆಲ್ಲಲೇಬೇಕು ಅಂತ ಪಣ ಕಟ್ಟಿದರು. ಟ್ರೇಡ್ ಸರಿಯೋ ತಪ್ಪೋ ಅನ್ನೋದನ್ನ ಆ ದಿನ ಕೈಯಲ್ಲಿದ್ದ ಮಾಹಿತಿ ಇಟ್ಟುಕೊಂಡೇ ಅಳೆಯಬೇಕು. ಹಾಗೆ ಅಳೆದರೆ ಎಲ್ಲರೂ ಗಟ್ಟಿಮುಟ್ಟಾಗಿ ಇದ್ದಿದ್ದರೂ ಇದು ತಪ್ಪೇ ಅಂತ ನಾನು ಹೇಳ್ತೀನಿ.

ಪ್ರಶ್ನೆ: ಡಿಫೆನ್ಸ್ ಇದ್ದರೇ ಚಾಂಪಿಯನ್ ಆಗೋದು ಅಂತ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಹೇಳಿದರಲ್ಲ, ಅದರಲ್ಲಿ ಏನು ತಪ್ಪು? ಲೂಕಾ ಡಿಫೆನ್ಸ್ ಆಡಲ್ಲ ಅನ್ನೋದು ನಿಜ ತಾನೇ?

ಲೂಕಾ ಡಿಫೆನ್ಸ್‌ನಲ್ಲಿ ಹಿಂದೆ ಬೀಳ್ತಾನೆ ಅನ್ನೋದು ನಿಜ. 2024ರ ಫೈನಲ್‌ನಲ್ಲಿ ಬಾಸ್ಟನ್‌ನವರು ಅವನನ್ನೇ ಹುಡುಕಿ ಹುಡುಕಿ ಅವನ ಮೇಲೆ ನುಗ್ಗಿದರು, ಡಲ್ಲಾಸ್ 4-1ರಿಂದ ಸೋತಿತು. ಫಿಟ್ನೆಸ್ ಬಗ್ಗೆಯೂ ತಂಡಕ್ಕೆ ಅಸಮಾಧಾನ ಇತ್ತು. ಇದನ್ನೆಲ್ಲ ಮುಚ್ಚಿಡಬೇಕಾಗಿಲ್ಲ.

ಆದರೆ ಆ ತಂಡ ಕಟ್ಟಿದ್ದೇ ಅವನ ಸುತ್ತ. 2024ರ ಪ್ಲೇಆಫ್ ಪಂದ್ಯಗಳನ್ನು ಹಾಕಿಕೊಂಡು ನೋಡಿ. ಲೂಕಾ ಸ್ಕ್ರೀನ್ (ಎದುರಾಳಿಗೆ ಅಡ್ಡ ನಿಲ್ಲುವ ಜೊತೆ ಆಟಗಾರ) ದಾಟಿ ಒಳಗೆ ಬರ್ತಾನೆ. ಓಡಲ್ಲ. ತನ್ನನ್ನು ಕಾಯುತ್ತಿರುವವನನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದು ಕ್ಷಣ ನಿಧಾನ ಮಾಡ್ತಾನೆ. ಮುಂದೆ ನಿಂತ ಎದುರಾಳಿ ಸೆಂಟರ್‌ಗೆ ಈಗ ಗೊಂದಲ, ಮೇಲೆ ಬಂದರೆ ಲೈವ್ಲಿ ಅಥವಾ ಗ್ಯಾಫರ್ಡ್‌ಗೆ ರಿಮ್ ಹತ್ತಿರ ಲಾಬ್ (ಎತ್ತರದ ಪಾಸ್) ಹೋಗುತ್ತೆ, ಹಿಂದೆ ಉಳಿದರೆ ಲೂಕಾನೇ ಶಾಟ್ ಹೊಡೀತಾನೆ, ಮೂಲೆಯಿಂದ ಯಾರಾದರೂ ಸಹಾಯಕ್ಕೆ ಬಂದರೆ ಆ ಮೂಲೆಯಲ್ಲಿ ಪಿ.ಜೆ. ವಾಷಿಂಗ್ಟನ್ ಒಬ್ಬನೇ ನಿಂತಿರ್ತಾನೆ, ಮೂರು ಪಾಯಿಂಟ್‌ನ ಶಾಟ್ ಹೊಡೆಯೋಕೆ. ಲೈವ್ಲಿ, ಗ್ಯಾಫರ್ಡ್, ವಾಷಿಂಗ್ಟನ್ ಮೂವರೂ ತಾವಾಗೇ ಡ್ರಿಬಲ್ ಮಾಡಿ ಶಾಟ್ ಹುಟ್ಟಿಸೋರಲ್ಲ. ಚೆಂಡು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಬಂದರೆ ಮುಗಿಸೋರು. ತರೋನೇ ಹೋದ ಮೇಲೆ?

ಡೇವಿಸ್ ಲೀಗ್‌ನ ಅತ್ಯುತ್ತಮ ಡಿಫೆಂಡರ್‌ಗಳಲ್ಲಿ ಒಬ್ಬ, ಅನುಮಾನ ಬೇಡ. ಆದರೆ ಅವನಿಗೂ ಚೆಂಡು ಯಾರಾದರೂ ತಂದು ಕೊಡಬೇಕು. ಆ ಕೆಲಸ ಪೂರ್ತಿ ಅರ್ವಿಂಗ್ ತಲೆ ಮೇಲೆ ಬಿತ್ತು. ಅವನೂ ಹೋದ ಮೇಲೆ ಆ ತಂಡದಲ್ಲಿ ಪಾಯಿಂಟ್ ಗಾರ್ಡ್ ಕೆಲಸ ನಿಭಾಯಿಸುವ ದೊಡ್ಡ ಆಟಗಾರ ಯಾರೂ ಉಳಿಯಲಿಲ್ಲ. ಬಾಗಿಲು ಗಟ್ಟಿ ಮಾಡಿಸೋಕೆ ಮನೆಯ ಕಂಬ ಕಿತ್ತ ಹಾಗಾಯ್ತು.

ಪ್ರಶ್ನೆ: ಆಟಗಾರನನ್ನು ಕೇಳೋದೇ ಬೇಡ್ವಾ? ಕ್ರಿಕೆಟ್ ಹರಾಜಿನ ಹಾಗೆ ದುಡ್ಡು ಕೊಟ್ಟು ಕೊಳ್ಳೋಕೆ ಆಗಲ್ವಾ?

ಕೇಳಬೇಕಾಗಿಲ್ಲ. ಟ್ರೇಡ್ ತಡೆಯುವ ಹಕ್ಕು ಒಪ್ಪಂದದಲ್ಲೇ ಇರುವ ಆಟಗಾರರು ಬೆರಳೆಣಿಕೆ ಅಷ್ಟೇ, ಲೂಕಾಗೆ ಅದು ಇರಲಿಲ್ಲ. ಎಲ್ಲ ಮುಗಿದ ಮೇಲೆ ಅವನಿಗೆ ಗೊತ್ತಾಗಿದ್ದು. ದುಡ್ಡು ಕೊಟ್ಟು ಸುಮ್ನೆ ಕೊಳ್ಳೋಕೂ ಆಗಲ್ಲ. ಆಟಗಾರನ ಜೊತೆ ಅವನ ಒಪ್ಪಂದವೂ ಹೋಗುತ್ತೆ, ದೊಡ್ಡ ಸಂಬಳದ ತಂಡಗಳಾದರೆ ಎರಡೂ ಕಡೆಯ ಸಂಬಳ ಹೆಚ್ಚುಕಮ್ಮಿ ಹೊಂದಬೇಕು. ಕ್ಲೀಬರ್ ಥರದವರ ಹೆಸರು ಇಂಥ ಟ್ರೇಡ್‌ಗಳಲ್ಲಿ ಸೇರೋದು ಹೀಗೇ.

ಲೂಕಾಗೆ ಇದರಿಂದ ನಷ್ಟವೂ ಆಯ್ತು. ಡಲ್ಲಾಸ್‌ನಲ್ಲೇ ಇದ್ದಿದ್ದರೆ 2025ರ ಬೇಸಿಗೆಯಲ್ಲಿ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್‌ನ ಒಪ್ಪಂದಕ್ಕೆ ಅರ್ಹನಾಗ್ತಿದ್ದ. ತಂಡ ಬದಲಾದ ತಕ್ಷಣ ಆ ಅರ್ಹತೆ ಹೋಯಿತು. ಆಗಸ್ಟ್‌ನಲ್ಲಿ ಲೇಕರ್ಸ್ ಜೊತೆ ಮೂರು ವರ್ಷಕ್ಕೆ 16.5 ಕೋಟಿ ಡಾಲರ್‌ಗೆ ಸಹಿ ಹಾಕಿದ.

ಪ್ರಶ್ನೆ: ವಯಸ್ಸಾದವರನ್ನು ತಂದರೆ ಆಗಲ್ಲ ಅಂತೀರಿ. 2008ರ ಬಾಸ್ಟನ್ ಮತ್ತೆ ಹೇಗೆ ಗೆದ್ದಿತು?

ಒಳ್ಳೆ ಪ್ರಶ್ನೆ, ನನಗೆ ಇಷ್ಟವಾದ ತಂಡವೂ ಹೌದು. 2006-07ರಲ್ಲಿ ಬಾಸ್ಟನ್ ಗೆದ್ದಿದ್ದು ಬರೀ 24 ಪಂದ್ಯ, ಅದರ ಮಧ್ಯೆ ಸತತ 18 ಸೋಲು. ಆ ಬೇಸಿಗೆಯಲ್ಲಿ ಸಿಯಾಟಲ್‌ನಿಂದ ರೇ ಆಲೆನ್, ಮಿನೆಸೋಟದಿಂದ ಕೆವಿನ್ ಗಾರ್ನೆಟ್ ಬಂದರು. ಮುಂದಿನ ಸೀಸನ್ 66 ಗೆಲುವು, ಕೊನೆಗೆ ಟ್ರೋಫಿ. ಇಬ್ಬರೂ ಮೂವತ್ತು ದಾಟಿದವರೇ, ನೀವು ಹೇಳಿದ್ದು ಸರಿ.

ಆದರೆ ಅವರು ಯಾರನ್ನು ಕೊಟ್ಟರು ನೋಡಿ. ಗಾರ್ನೆಟ್‌ಗೋಸ್ಕರ ಐದು ಆಟಗಾರರು, ಎರಡು ಮೊದಲ ಸುತ್ತಿನ ಪಿಕ್. ಆ ಐವರಲ್ಲಿ ಮುಖ್ಯ ಹೆಸರು ಅಲ್ ಜೆಫರ್ಸನ್, ಬೆಳೆಯುತ್ತಿದ್ದ ಹುಡುಗ. ಪಾಲ್ ಪಿಯರ್ಸ್‌ನನ್ನು ಮುಟ್ಟಲಿಲ್ಲ! ತಮ್ಮ ದೊಡ್ಡ ಆಟಗಾರನನ್ನು ಇಟ್ಟುಕೊಂಡೇ ಇನ್ನಿಬ್ಬರನ್ನು ಸೇರಿಸಿದರು. ಡಲ್ಲಾಸ್ ತನ್ನ ಪಿಯರ್ಸ್‌ನನ್ನೇ ಕೊಟ್ಟುಬಿಟ್ಟಿತು.

ಇನ್ನೊಂದು, ಮೂವರೂ ತಮ್ಮ ಪಾಯಿಂಟ್ ಬಿಟ್ಟುಕೊಟ್ಟರು. ಆಲೆನ್‌ನ ಸರಾಸರಿ 26.4ರಿಂದ 17.4ಕ್ಕೆ ಇಳಿಯಿತು, ಪಿಯರ್ಸ್‌ನದು 25ರಿಂದ 19.6ಕ್ಕೆ, ಗಾರ್ನೆಟ್‌ನದು 22.4ರಿಂದ 18.8ಕ್ಕೆ. ಯಾರೂ ಮುನಿಸಿಕೊಳ್ಳಲಿಲ್ಲ, ಮೂವರಿಗೂ ಅಲ್ಲಿಯವರೆಗೆ ಒಂದು ಟ್ರೋಫಿಯೂ ಸಿಕ್ಕಿರಲಿಲ್ಲ. ಗಾರ್ನೆಟ್ ಆ ವರ್ಷದ ಡಿಫೆನ್ಸ್ ಪ್ರಶಸ್ತಿ ತೆಗೆದುಕೊಂಡ. ಅಷ್ಟಾದರೂ ದಾರಿ ಸುಲಭ ಇರಲಿಲ್ಲ. ಮೊದಲ ಸುತ್ತಲ್ಲಿ ಬರೀ 37 ಗೆದ್ದಿದ್ದ ಅಟ್ಲಾಂಟ ಅವರನ್ನು ಏಳನೇ ಪಂದ್ಯದವರೆಗೆ ಎಳೆದಿತ್ತು.

ಅದೇ ಪಿಯರ್ಸ್, ಗಾರ್ನೆಟ್ 2013ರಲ್ಲಿ ಬ್ರೂಕ್ಲಿನ್‌ಗೆ ಹೋದರು. ಬ್ರೂಕ್ಲಿನ್ 44 ಗೆದ್ದು ಎರಡನೇ ಸುತ್ತಲ್ಲಿ ಮಯಾಮಿಗೆ ಸೋತಿತು, ಮುಂದಿನ ಬೇಸಿಗೆಗೇ ಪಿಯರ್ಸ್ ತಂಡ ಬಿಟ್ಟ. ಆ ಟ್ರೇಡ್‌ನಲ್ಲಿ ಸಿಕ್ಕ ಪಿಕ್‌ಗಳ ದಾರಿಯಲ್ಲೇ ಬಾಸ್ಟನ್‌ಗೆ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಂದಿದ್ದು. 2024ರ ಫೈನಲ್‌ನಲ್ಲಿ ಲೂಕಾನ ಡಲ್ಲಾಸ್ ಸೋತಿದ್ದು ಈ ಇಬ್ಬರಿಗೇ.

ಪ್ರಶ್ನೆ: ಕೊನೆಗೆ ಡ್ರಾಫ್ಟ್‌ನಲ್ಲಿ ಕೂಪರ್ ಫ್ಲ್ಯಾಗ್ ಸಿಕ್ಕಿದನಲ್ಲ. ಹಾಗಾದರೆ ಡಲ್ಲಾಸ್‌ಗೆ ಒಳ್ಳೇದೇ ಆಯ್ತು ಅಲ್ವಾ?

ಡಲ್ಲಾಸ್ ಅಭಿಮಾನಿಗಳಿಗೆ ಒಳ್ಳೇದಾಯ್ತು, ನನಗೂ ಖುಷಿ. ಆದರೆ ಅದನ್ನು ಟ್ರೇಡ್‌ನ ಲೆಕ್ಕಕ್ಕೆ ಬರೆಯಬೇಡಿ. ಪ್ಲೇಆಫ್‌ನ ಕೊನೆ ಜಾಗಗಳಿಗೆ ನಡೆಯುವ ಪ್ಲೇ-ಇನ್‌ನಲ್ಲಿ ಸ್ಯಾಕ್ರಮೆಂಟೊವನ್ನು 120-106ಕ್ಕೆ ಸೋಲಿಸಿ, ಎರಡು ದಿನದ ಮೇಲೆ ಮೆಂಫಿಸ್‌ಗೆ ಅದೇ 120-106ಕ್ಕೆ ಸೋತರು. ಆ ಸೋಲಲ್ಲಿ ಡೇವಿಸ್ ಒಬ್ಬನೇ 40 ಪಾಯಿಂಟ್ ಹೊಡೆದಿದ್ದ. ಗೆದ್ದಿದ್ದರೆ ಪ್ಲೇಆಫ್‌ಗೆ ಹೋಗ್ತಿದ್ದರು, ಡ್ರಾಫ್ಟ್‌ನ ಮೊದಲ ಸರದಿಗಳನ್ನು ಹಂಚುವ ಲಾಟರಿಯಲ್ಲಿ ಹೆಸರೇ ಇರ್ತಿರಲಿಲ್ಲ. ಸೋತಿದ್ದಕ್ಕೆ ಲಾಟರಿಗೆ ಬಂದರು, 1.8 ಶೇಕಡಾ ಅವಕಾಶದಲ್ಲಿ ಮೊದಲ ಪಿಕ್ ಬಂತು, ಡ್ಯೂಕ್ ವಿಶ್ವವಿದ್ಯಾಲಯದಿಂದ 18 ವರ್ಷದ ಫ್ಲ್ಯಾಗ್ ಸಿಕ್ಕಿದ. ಈಗಲೇ ಗೆಲ್ಲಬೇಕು ಅಂತ ಲೂಕಾನನ್ನು ಕೊಟ್ಟವರಿಗೆ ಸೋತಿದ್ದರಿಂದ ಸಿಕ್ಕ ಉಡುಗೊರೆ ಇದು. ಯೋಜನೆ ಅಂತ ಹೇಗೆ ಕರೆಯೋದು?

ಫ್ಲ್ಯಾಗ್ ಬಂದ ಮೇಲೂ ಜನರ ಸಿಟ್ಟು ಇಳಿಯಲಿಲ್ಲ. 2025ರ ನವೆಂಬರ್‌ನಲ್ಲಿ, ಹೊಸ ಸೀಸನ್ ಶುರುವಾಗಿ ಒಂದು ತಿಂಗಳೂ ಆಗುವ ಮೊದಲೇ ಹ್ಯಾರಿಸನ್‌ರನ್ನು ಕೆಲಸದಿಂದ ತೆಗೆದರು.

ಪ್ರಶ್ನೆ: ಹಾಗಾದರೆ ಗೆದ್ದಿದ್ದು ಲೇಕರ್ಸ್?

ಟ್ರೇಡ್ ಗೆದ್ದರು. ಆ ಸೀಸನ್ ಅಲ್ಲ. 50 ಗೆಲುವಿನ ಜೊತೆ ಪಶ್ಚಿಮದಲ್ಲಿ ಮೂರನೇ ಸ್ಥಾನಕ್ಕೆ ಬಂದು, ಮೊದಲ ಸುತ್ತಲ್ಲೇ ಮಿನೆಸೋಟಗೆ 4-1ರಿಂದ ಸೋತರು. ಡೇವಿಸ್ ಹೋದ ಮೇಲೆ ಅವರ ಹತ್ತಿರ ನಂಬಿಕೆಯ ಸೆಂಟರ್ ಇರಲಿಲ್ಲ, ಮಿನೆಸೋಟ ಅಲ್ಲೇ ಹೊಡೆಯಿತು.

ಪ್ರಶ್ನೆ: ಡಲ್ಲಾಸ್ ಜನ ಡೇವಿಸ್ ಮೇಲೂ ಕೋಪ ಮಾಡಿಕೊಂಡಿದ್ದು ಸರಿನಾ?

ಕೆಲವರು ಮಾಡಿಕೊಂಡರು. ಸರಿಯಲ್ಲ. ಅವನೇನು ಲೂಕಾನ ಜಾಗ ಬೇಕು ಅಂತ ಕೇಳಿರಲಿಲ್ಲ. ಬಹುಪಾಲು ಜನ ಸಿಟ್ಟನ್ನು ಸರಿಯಾದ ಕಡೆಗೇ ತೋರಿಸಿದರು. ಏಪ್ರಿಲ್ 9ರಂದು ಲೂಕಾ ಲೇಕರ್ಸ್ ಜೆರ್ಸಿಯಲ್ಲಿ ಡಲ್ಲಾಸ್‌ಗೆ ವಾಪಸ್ ಬಂದ. ಪಂದ್ಯಕ್ಕೆ ಮುಂಚೆ ಅವನ ಹಳೇ ಆಟದ ವಿಡಿಯೊ ಹಾಕಿದರು, ಬೆಂಚ್ ಮೇಲೆ ಕೂತು ನೋಡ್ತಾ ನೋಡ್ತಾ ಅತ್ತ, ಟವೆಲ್‌ನಲ್ಲಿ ಮುಖ ಒರೆಸಿಕೊಂಡ. ಆಮೇಲೆ ಎದ್ದು 45 ಪಾಯಿಂಟ್ ಹೊಡೆದ, ಲೇಕರ್ಸ್ 112-97ಕ್ಕೆ ಗೆದ್ದಿತು. ಎದುರಾಳಿ ಆಟಗಾರನಿಗೆ ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು, ಮಧ್ಯೆ ಮಧ್ಯೆ ನಿಕೊನ ತೆಗೀರಿ ಅನ್ನೋ ಕೂಗು.

ಪ್ರಶ್ನೆ: ಮುಂದೆ ಯಾವುದಾದರೂ ದೊಡ್ಡ ಟ್ರೇಡ್ ಆದಾಗ, ಹೊಸ ತಂಡ ಹೊಂದಿಕೊಳ್ಳುತ್ತಾ ಅಂತ ನಮ್ಮಂಥ ಹೊಸಬರು ಏನು ನೋಡಿ ತಿಳಿಯಬೇಕು?

ಮೊದಲ ಪಂದ್ಯದ ಪಾಯಿಂಟ್ ನೋಡಿ ಮರುಳಾಗಬೇಡಿ. ಹತ್ತು ಹದಿನೈದು ಪಂದ್ಯ ಬಿಡಿ. ಆಮೇಲೆ ಸ್ಕೋರ್ ಸಮ ಇರುವ ಒಂದು ಪಂದ್ಯದ ಕೊನೆ ಐದು ನಿಮಿಷ ನೋಡಿ. ಚೆಂಡು ಯಾರ ಕೈಯಲ್ಲಿದೆ, ಕೈಯಲ್ಲಿ ಚೆಂಡಿಲ್ಲದ ದೊಡ್ಡ ಆಟಗಾರ ಸುಮ್ನೆ ಮೂಲೆಯಲ್ಲಿ ನಿಂತಿದ್ದಾನಾ ಅಥವಾ ಸ್ಕ್ರೀನ್ ಹಾಕ್ತಿದ್ದಾನಾ, ಎದುರಾಳಿ ತಪ್ಪಿಸಿಕೊಂಡು ಒಳಗೆ ನುಗ್ಗಿದಾಗ ಯಾರು ಯಾರಿಗೆ ಕೂಗಿ ಹೇಳ್ತಿದ್ದಾರೆ. 2007-08ರ ಬಾಸ್ಟನ್ ಪಂದ್ಯಗಳಲ್ಲಿ ಗಾರ್ನೆಟ್ ಡಿಫೆನ್ಸ್ ಮಾಡುವಾಗ ಬಾಯಿ ಮುಚ್ಚಿದ್ದೇ ನೋಡೋಕೆ ಸಿಗಲ್ಲ. ಹಳೇ ಪಂದ್ಯ ಒಂದನ್ನು ಸೌಂಡ್ ಜಾಸ್ತಿ ಇಟ್ಟು ನೋಡಿ, ಗೊತ್ತಾಗುತ್ತೆ.