ಜೆಸಿಬಿಯ ಹೈಡ್ರಾಲಿಕ್ ಪೈಪ್ ಸೋರುತ್ತಿದ್ದರೆ, ಬಿಚ್ಚುವ ಮೊದಲು ಯಾವ ಎಚ್ಚರಿಕೆ ಬೇಕು?

ಎಲ್ಲಕ್ಕಿಂತ ಮೊದಲು, ಸೋರಿಕೆ ಎಲ್ಲಿದೆ ಎಂದು ಬೆರಳಿನಿಂದ ಸವರಿ ನೋಡಲೇಬೇಡಿ. ಕಾರಿನ ಟೈರಿನೊಳಗಿನ ಒತ್ತಡ ಸುಮಾರು 2 ಬಾರ್. ಈ ಪೈಪಿನೊಳಗಿನ ಎಣ್ಣೆಯದು 200 ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆಯೂ ಇರಬಹುದು, ಆದರೆ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಆರಂಭದಲ್ಲಿ ನೋವೂ ಕಡಿಮೆ ಇರಬಹುದು. ಹಾಗೆಂದು ಅರಿಶಿನ ಹಚ್ಚಿಕೊಂಡು ಕೆಲಸ ಮುಂದುವರಿಸಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ದಪ್ಪ ರಟ್ಟಿನ ತುಂಡನ್ನು ಪೈಪಿನ ಉದ್ದಕ್ಕೂ ಹಿಡಿಯಿರಿ; ಎಣ್ಣೆಯ ಕಲೆ ಬಿದ್ದ ಕಡೆ ತೂತಿದೆ. ರಕ್ಷಣಾ ಕನ್ನಡಕ ಕಡ್ಡಾಯ.

ಬಿಚ್ಚುವ ಮೊದಲು ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎರಡೂ ಬಕೆಟ್‌ಗಳನ್ನು ನೆಲಕ್ಕೆ ಊರಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ. ಎಂಜಿನ್ ನಿಂತರೂ ಒತ್ತಡ ಪೈಪಿನೊಳಗೇ ಉಳಿದಿರುತ್ತದೆ! ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆ ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಿ ಅದನ್ನು ಇಳಿಸಿ. ಎಣ್ಣೆ ತಣಿಯಲಿ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ನೀವು ಅಡಿಯಲ್ಲಿರುವಾಗ ಇನ್ನೊಬ್ಬರು ಬಂದು ಸ್ಟಾರ್ಟ್ ಮಾಡುವಂತಾಗಬಾರದು.

ಲೋಡರ್ ತೋಳನ್ನು (ಮುಂದಿನ ಬಕೆಟ್ ಹೊತ್ತ ತೋಳು) ಎತ್ತಿಯೇ ಕೆಲಸ ಮಾಡಬೇಕಿದ್ದರೆ, ಸಿಲಿಂಡರಿನ ರಾಡ್ ಮೇಲೆ ಕೂರುವ ಉಕ್ಕಿನ ಸೇಫ್ಟಿ ಸ್ಟ್ರಟ್ ಹಾಕದೆ ಕೆಳಗೆ ಕಾಲಿಡಬೇಡಿ. ಇಟ್ಟಿಗೆಯನ್ನಾಗಲಿ ಮರದ ದಿಮ್ಮಿಯನ್ನಾಗಲಿ ನಂಬಬೇಡಿ. ಪೈಪ್ ಕಳಚಿದ ಕ್ಷಣ, ತೋಳನ್ನು ಹಿಡಿದಿಟ್ಟಿದ್ದ ಎಣ್ಣೆಯೇ ಹೊರಗೆ ಹರಿದುಬಿಡಬಹುದು.